ನಾಯಿಯೂ ಬೆಳ್ಳಗಾಯಿತು

ಪ್ರಶ್ನೆ: ಸಂಗೀತ ಸಂಯೋಜಕ ಲೆಹಾರ್‌ನ ‘ದಿ ಮೆರಿ ವಿಡೋ’ ಆಪರೆಟ್ಟಾ (ಮಾತು, ಹಾಡು ಬೆರೆತ ಲಘು ಸಂಗೀತ ನಾಟಕ) ನನಗೆ ಪ್ರಾಣ. ಅದನ್ನು ನಿರ್ದೇಶಕ ಲುಬಿಚ್ 1934ರಲ್ಲಿ ಮಾಡಿದ ಸಿನಿಮಾ ನೋಡಿ ಬೇಜಾರಾಯಿತು. ಪೊಂಟೆವೆಡ್ರೊ ದೇಶ ಮಾರ್ಶೋವಿಯಾ ಆಗಿದೆ, ನಾಯಕಿ, ವಿಧವೆ ಹಾನ್ನಾ, ಸೋನಿಯಾ ಆಗಿದ್ದಾಳೆ, ಹಾಡಿನ ಸಾಹಿತ್ಯವೂ ಬೇರೆ. ಇದು ಮೂಲಕ್ಕೆ ದ್ರೋಹ ಅಲ್ವಾ? – ಒಬ್ಬ ಓದುಗ, ಮೈಸೂರು

ಸಂಪಾದಕರ ಉತ್ತರ: ಒಳ್ಳೆಯ ಹಾಡುಗಳು ಕೆಲವು ಹೋಗಿವೆ, ಒಪ್ಪಿದೆ. ಅದರಾಚೆಗೆ ನಿಮ್ಮ ಮಾತು ಒಪ್ಪಲಾರೆ.

ಯಾವ ಮೂಲ ಸ್ವಾಮಿ? 1905ರಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ಬಂದ ಈ ಆಪರೆಟ್ಟಾದ ಕಥೆಯೇ ಎರವಲು. 1861ರಲ್ಲಿ ಆನ್ರಿ ಮೆಯಾಕ್ ಬರೆದ ಫ್ರೆಂಚ್ ನಾಟಕದ್ದು. ಆಪರೆಟ್ಟಾದ ಸಾಹಿತ್ಯ ಬರೆದ ಲೆಯೋನ್ ಮತ್ತು ಸ್ಟೈನ್ ತಮಗೆ ಬೇಕಾದ್ದು ಇಟ್ಟುಕೊಂಡು ಉಳಿದದ್ದು ಬಿಟ್ಟರು. ಅವರಿಗಿದ್ದ ಸಲುಗೆ ಲುಬಿಚ್‌ಗೆ ಯಾಕಿಲ್ಲ? 1925ರಲ್ಲಿ ನಿರ್ದೇಶಕ ಸ್ಟ್ರೋಹೈಮ್ ಇದನ್ನೇ ಮೂಕಿ ಚಿತ್ರ ಮಾಡಿದ್ದ. ಹಾಡಿಗೆಂದೇ ಹುಟ್ಟಿದ ನಾಟಕ, ನಟರ ಬಾಯಲ್ಲಿ ಒಂದು ಹಾಡೂ ಇಲ್ಲ! ಆದರೂ ಜನ ಮುಗಿಬಿದ್ದು ನೋಡಿದರು.

ಲುಬಿಚ್ ಏನು ಮಾಡಿದ ನೋಡಿ. ಶೋಕ ಇನ್ನು ಸಾಕು ಅಂತ ಸೋನಿಯಾ ತೀರ್ಮಾನಿಸುತ್ತಾಳೆ. ಅವಳ ಕಪ್ಪು ಟೋಪಿ, ಕಪ್ಪು ಚಪ್ಪಲಿ, ಕಪ್ಪು ಉಡುಪು ಎಲ್ಲ ಕಣ್ಣೆದುರೇ ಬಿಳಿಯಾಗುತ್ತವೆ. ಕೊನೆಗೆ ಕಪ್ಪು ನಾಯಿಯೂ ಬಿಳಿ! ಯಾವ ರಂಗದ ಮೇಲೆ ಇದು ಸಾಧ್ಯ? ಇನ್ನೊಂದು ಕಡೆ ರಾಜ ಅಕ್ಮೆಡ್ ರಾಣಿಯ ಕೋಣೆಯಿಂದ ಹೊರಟ ಕೂಡಲೇ ನಾಯಕ ಡ್ಯಾನಿಲೋ ಒಳಗೆ ಸೇರುತ್ತಾನೆ. ಮರೆತ ಕತ್ತಿ, ಬೆಲ್ಟು ತರಲು ರಾಜ ಮರಳಿ ಬರುತ್ತಾನೆ. ನಮಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ. ನಗುತ್ತಾ ಹೊರಬಂದು ಬೆಲ್ಟು ಕಟ್ಟಿಕೊಳ್ಳಲು ನೋಡಿದರೆ ಅದು ಹೊಟ್ಟೆಗೆ ಸಾಲದು! ಬೆಲ್ಟು ಯಾರದು ಅಂತ ಆಗ ಹೊಳೆಯುತ್ತದೆ.

ಮೂಲನಿಷ್ಠೆ ಬೇಕಾದವರಿಗೆ 1939ರ ‘ಮಿಕಾಡೊ’ ಇದೆ. ಅದೂ ಆಪರೆಟ್ಟಾದಿಂದ ಆದ ಸಿನಿಮಾನೇ: ಗಿಲ್ಬರ್ಟ್–ಸಲಿವನ್ನರ ಕೃತಿ, ಅವರ ಕೃತಿಗಳನ್ನೇ ರಂಗದ ಮೇಲೆ ಆಡುತ್ತಿದ್ದ ಡಾಯ್ಲಿ ಕಾರ್ಟ್ ಕಂಪನಿಯ ನಟರು. ಬಣ್ಣ ಚೆಂದ, ಹಾಡುಗಾರಿಕೆ ಅಚ್ಚುಕಟ್ಟು, ನನಗೆ ಮಾತ್ರ ಆಕಳಿಕೆ. (ಅಷ್ಟು ನಿಷ್ಠೆಯವರೂ ಅದರ ಕೊ-ಕೋ ಎಂಬ ಪಾತ್ರದ ಹೆಸರಾಂತ ಪಟ್ಟಿಯ ಹಾಡಿಗೇ ಕತ್ತರಿ ಹಾಕಿದ್ದಾರೆ.)

ಬದಲಾದ ಸಾಹಿತ್ಯವನ್ನು ತಕ್ಷಣ ಹಿಡಿದಿದ್ದೀರಿ, ನಿಮ್ಮ ಕಿವಿ ಚೆನ್ನಾಗಿದೆ. ಅದು ಗೀತಕಾರ ಲೊರೆಂಜ್ ಹಾರ್ಟ್ ಬರೆದದ್ದು. ಕಣ್ಣಿಗೂ ಸ್ವಲ್ಪ ಕೆಲಸ ಕೊಡಿ.

ನಿಮ್ಮೊಬ್ಬರನ್ನೇ ಅಂದು ಏನು ಪ್ರಯೋಜನ? ನಮ್ಮಲ್ಲೂ ಒಂದು ಕಾದಂಬರಿ ಸಿನಿಮಾ ಆದರೆ ಸಾಕು, ಆ ಅಧ್ಯಾಯ ಎಲ್ಲಿ, ಈ ಚಿಕ್ಕಪ್ಪ ಎಲ್ಲಿ ಅಂತ ಲೆಕ್ಕ ಶುರು. ಕ್ಯಾಮೆರಾ ಏನು ಮಾಡಿತು ಅಂತ ಯಾರೂ ಕೇಳೋದಿಲ್ಲ. ಅಂಥ ವಿಮರ್ಶೆಗಳು ನನ್ನ ಮೇಜಿನ ಮೇಲೆ ರಾಶಿ ಬಿದ್ದಿವೆ. ಸದ್ಯಕ್ಕೆ ಒಂದನ್ನೂ ಅಚ್ಚು ಹಾಕುವುದಿಲ್ಲ.