ಸಿಸ್ಟರ್ ಅಕ್ಕನ ಉತ್ತರ: ಆಪರೇಷನ್ ತಾರೀಖು ಯಾಕೆ ಮುಂದೆ ಹೋಯಿತು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು. ತಾರೀಖು ಕೊಟ್ಟರು, ಹೋದೆವು, ವಾಪಸ್ ಕಳಿಸಿದರು. ಹಾಗಾಗಿ ಶುಗರ್, ಥೈರಾಯ್ಡ್ ಪತ್ರಗಳನ್ನು ಮುಂದಿನ ತಿಂಗಳಿಗೆ ಇಟ್ಟಿದ್ದೇನೆ. ಹೊಸ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ವಿಜಯಪುರ ಜಿಲ್ಲೆಯ ಸರ್ಕಾರಿ ದವಾಖಾನೆಗಳಲ್ಲಿ 31 ವರ್ಷ ಸಿಸ್ಟರ್ ಆಗಿದ್ದವಳು. ಅದರಲ್ಲಿ 19 ವರ್ಷ ಆಪರೇಷನ್ ಥಿಯೇಟರಿನಲ್ಲೇ ಕಳೆದೆ. ಈಗ ಸಿಂದಗಿಯಲ್ಲಿ ಮನೆ, ಮೊಮ್ಮಗಳು, ಈ ಅಂಕಣ.

ಪ್ರಶ್ನೆ: ಅಕ್ಕಾರೆ, ನಮ್ಮ ತಂದೆಯವರಿಗೆ 58 ವರ್ಷ. ಹರ್ನಿಯಾ ಇದೆ. ಸರ್ಕಾರಿ ದವಾಖಾನೆಯಲ್ಲಿ ತಾರೀಖು ಕೊಟ್ಟರು. ಮೊದಲ ಸಲ ಬಿಪಿ ಜಾಸ್ತಿ ಅಂತ ವಾಪಸ್. ಎರಡನೇ ಸಲ ಮಧ್ಯಾಹ್ನದವರೆಗೆ ಉಪವಾಸ ಇರಿಸಿ, ಇವತ್ತು ಆಗಲ್ಲ ಅಂದರು. ಈಗ ಮೂರು ವಾರ ಬಿಟ್ಟು ಬನ್ನಿ ಅಂತಾರೆ. ಬೇಕಂತಲೇ ಹೀಗೆ ಮಾಡುತ್ತಾರಾ?
— ರೈತನ ಮಗ, ಜಮಖಂಡಿ ತಾಲೂಕು

ಉತ್ತರ: ತಮ್ಮಾ, ನಿಮ್ಮ ತಂದೆ ದಿನಾ ಬಿಪಿ ಗುಳಿಗೆ ತಗೊಳ್ಳುತ್ತಾರಾ? ಪತ್ರದಲ್ಲಿ ಬರೆದಿಲ್ಲ. ತಗೊಳ್ಳುತ್ತಿದ್ದರೆ, ಅವತ್ತು ಬೆಳಿಗ್ಗೆ ನುಂಗಿದ್ದರಾ ಅಂತ ಕೇಳಿ ನೋಡಿ. ನುಂಗಿರಲಿಕ್ಕಿಲ್ಲ. ‘ಬಾಯಿಗೆ ಏನೂ ಹಾಕಬೇಡಿ’ ಅಂತ ನಾವು ಹೇಳುತ್ತೇವೆ, ಜನ ಗುಳಿಗೆಯನ್ನೂ ಬಿಡುತ್ತಾರೆ. ಮೇಲೆ ಹೆದರಿಕೆ ಬೇರೆ. ತೋಳಿಗೆ ಪಟ್ಟಿ ಕಟ್ಟಿದರೆ 190 ತೋರಿಸುತ್ತದೆ. ಬಿಪಿ 180/110ಕ್ಕೆ ಮುಟ್ಟಿದ್ದರೆ ತುರ್ತಲ್ಲದ ಆಪರೇಷನ್ನನ್ನು ಸಾಮಾನ್ಯವಾಗಿ ಮುಂದೆ ಹಾಕುತ್ತಾರೆ. ಅದರಲ್ಲಿ ಮೋಸ ಏನೂ ಇಲ್ಲ. ಅಷ್ಟು ಏರಿದ ಬಿಪಿ, ಮರಗಟ್ಟಿಸಲು ಬೆನ್ನಿಗೆ ಸೂಜಿ ಕೊಟ್ಟ ಮೇಲೆ ಧಡಕ್ಕನೆ ಇಳಿಯುವುದನ್ನು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ.

ಬಿಪಿ ಗುಳಿಗೆಗಳಲ್ಲಿ ಹಲವನ್ನು ಅವತ್ತೂ ಒಂದು ಗುಟುಕು ನೀರಿನಲ್ಲಿ ನುಂಗಿಸುತ್ತಾರೆ, ಕೆಲವನ್ನು ಬಿಡಿಸುತ್ತಾರೆ. ಶುಗರ್ ಗುಳಿಗೆಯನ್ನು ಸಾಮಾನ್ಯವಾಗಿ ಆ ಬೆಳಿಗ್ಗೆ ಬಿಡಿಸುತ್ತಾರೆ. ರಕ್ತ ತೆಳು ಮಾಡುವ ಗುಳಿಗೆಯನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗಬಹುದು. ಇದನ್ನೆಲ್ಲ ಮನೆಯಲ್ಲಿ ಕೂತು ನೀವೇ ತೀರ್ಮಾನ ಮಾಡಬೇಡಿ. ಇರುವ ಗುಳಿಗೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು, ಫಿಟ್‌ನೆಸ್ ನೋಡುವ ದಿನ ಅರಿವಳಿಕೆ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಯಾವುದು ಇರಲಿ, ಯಾವುದು ಬೇಡ ಅಂತ ಅವರೇ ಹೇಳಲಿ.

ಇನ್ನು ಚಹಾ. ನನ್ನ ಕಾಲದಲ್ಲಿ ಬಸ್ ಸ್ಟ್ಯಾಂಡಿನ ಚಹಾದಿಂದ ತಪ್ಪಿದ ಆಪರೇಷನ್‌ಗಳಿಗೆ ಲೆಕ್ಕವಿಲ್ಲ. ಊಟ ಮಾಡಿಲ್ಲ, ತಿಂಡಿ ಮಾಡಿಲ್ಲ ಅಂತ ಆಣೆ ಮಾಡುತ್ತಾರೆ. ಚಹಾ? ‘ಅರ್ಧ ಕಪ್ ಅಷ್ಟೇರಿ!’ ಹಾಲು ಹಾಕಿದ ಚಹಾ ಅಂದರೆ ಊಟದ ಲೆಕ್ಕವೇ, ಆರು ತಾಸು ಮೊದಲೇ ನಿಲ್ಲಿಸಬೇಕು. ಬರೀ ನೀರಾದರೆ ಎರಡು ತಾಸು ಮೊದಲಿನವರೆಗೆ ನಡೆಯುತ್ತದೆ. ಆದರೂ ನಿಮ್ಮ ದವಾಖಾನೆಯವರು ಹೇಳಿದ ಹೊತ್ತನ್ನೇ ಪಾಲಿಸಿ.

ಎರಡನೇ ಸಲದ ಕಥೆ ಬೇರೆ. ತಾಲೂಕು ದವಾಖಾನೆಯಲ್ಲಿ ಕೊಯ್ಯುವ ಡಾಕ್ಟರು ಇಬ್ಬರಿದ್ದರೂ, ಅರಿವಳಿಕೆ ಕೊಡುವ ಡಾಕ್ಟರು ಎಷ್ಟೋ ಕಡೆ ಒಬ್ಬರೇ. ಬೆಳಿಗ್ಗೆ ಹತ್ತಕ್ಕೆ ಹೆರಿಗೆ ಕೇಸು ಬಂತು, ಕೂಸಿನ ಎದೆಬಡಿತ ಇಳಿಯುತ್ತಿದೆ ಅಂದರೆ ಹರ್ನಿಯಾ ಬದಿಗೆ ಹೋಗುತ್ತದೆ. ಹೋಗಲೇಬೇಕು. ಅಂಥ ಎರಡು ಕೇಸು ಬಂದರೆ ಅವತ್ತಿನ ಲಿಸ್ಟ್ ಮುಗಿದಂತೆ. ಆದರೆ ಇದನ್ನು ಹೇಳದೆ ಮಧ್ಯಾಹ್ನದವರೆಗೆ ಉಪವಾಸ ಕೂರಿಸಿದ್ದು ತಪ್ಪು. ಒಂದು ಮಾತು ಹೇಳಲು ಯಾವ ಡಾಕ್ಟರೂ ಬೇಕಿಲ್ಲ, ವಾರ್ಡಿನ ಸಿಸ್ಟರ್ ಸಾಕು.

ಮೂರನೇ ತಾರೀಖಿಗೆ ಸುಮ್ನೆ ತಲೆಯಾಡಿಸಿ ಬರಬೇಡಿ. ‘ಎರಡು ಸಲ ವಾಪಸ್ ಹೋಗಿದ್ದೇವೆ, ಈ ಸಲ ಮೊದಲ ಕೇಸು ಹಾಕಿ’ ಅಂತ ಕೇಳಿ. ಹೊಸ ತಾರೀಖು, ಮುಂದೆ ಹೋದ ಕಾರಣ ಎರಡನ್ನೂ ಚೀಟಿಯ ಮೇಲೆ ಬರೆಸಿಕೊಳ್ಳಿ. ಅಲ್ಲಿಯವರೆಗೆ ಚೀಲ ಹೊರುವುದು, ಪಂಪ್‌ಸೆಟ್ ಎತ್ತುವುದು ಬಂದ್. ಹರ್ನಿಯಾದ ಗಂಟು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ನೋವು ತಡೆಯಲಾಗದಿದ್ದರೆ, ವಾಂತಿ ಶುರುವಾದರೆ ತಾರೀಖು ನೋಡಬೇಡಿ. ಕರುಳು ಸಿಕ್ಕಿಕೊಂಡಿರಬಹುದು. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ಹೊರಡಿ.

ಪ್ರಶ್ನೆ: ಅತ್ತೆಯವರಿಗೆ ಒಂದು ಕಣ್ಣಿನ ಮೋತಿಬಿಂದು ಆಪರೇಷನ್ ಆಗಿದೆ. ಇನ್ನೊಂದಕ್ಕೆ ಹೆಸರು ಬರೆಸಿದ್ದೇವೆ. ತಡವಾಗುತ್ತಿದೆ. ‘ಹಣ್ಣಾಗಲಿ ಬಿಡು, ಆಮೇಲೆ ಸಲೀಸು’ ಅಂತ ಓಣಿಯವರು ಹೇಳುತ್ತಾರೆ. ನಿಜವಾ?
— ಗೃಹಿಣಿ, ಇಂಡಿ

ಉತ್ತರ: ಅದು ನಮ್ಮ ಅಜ್ಜಿಯ ಕಾಲದ ಮಾತು. ಆಗಿನ ಆಪರೇಷನ್‌ಗೆ ಪೊರೆ ಬಲಿಯಬೇಕಿತ್ತು. ಈಗ ಮಸೂರ ಕೂರಿಸುವ ಆಪರೇಷನ್‌ಗೆ ಪೊರೆ ಬಲಿತಷ್ಟೂ ಡಾಕ್ಟರಿಗೆ ಕಷ್ಟವೇ ಜಾಸ್ತಿ. ಒಂದೆರಡು ತಿಂಗಳು ತಡವಾದರೆ ಗಾಬರಿ ಬೇಡ. ಆದರೆ ಕಣ್ಣು ಕೆಂಪಾಗಿ, ನೋವು ಬಂದು, ತಲೆ ಸಿಡಿಯುತ್ತಿದ್ದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಅತ್ತೆ ಹೊಸ್ತಿಲು ಎಡವುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಮುದುಕಿ ಬಿದ್ದು ಸೊಂಟ ಮುರಿದುಕೊಂಡರೆ ಕಣ್ಣಿನ ಮಾತೇ ಹಿಂದಾಗುತ್ತದೆ.

ಪ್ರಶ್ನೆ: ಸಿಸ್ಟರ್, ನೇರವಾಗಿ ಕೇಳುತ್ತೇನೆ. ವಶೀಲಿ ಹಚ್ಚಿದರೆ ಪಾಳಿ ಬೇಗ ಬರುತ್ತದಾ?
— ಕಿರಾಣಿ ಅಂಗಡಿಯವರು, ಮುದ್ದೇಬಿಹಾಳ

ಉತ್ತರ: ನೇರವಾಗಿಯೇ ಹೇಳುತ್ತೇನೆ. ಒಮ್ಮೊಮ್ಮೆ ಬರುತ್ತದೆ. ಸಾಹೇಬರ ಪಿಎ ಫೋನ್ ಮಾಡಿದ್ದು, ಒಂದು ಹೆಸರು ಮೇಲೆ ಹೋಗಿದ್ದು ನೋಡಿದ್ದೇನೆ. ಆದರೆ ಫೋನ್ ಬಂದ ಹೆಸರುಗಳಲ್ಲಿ ಅರ್ಧ ಹೇಗೂ ಆ ವಾರದ ಲಿಸ್ಟ್‌ನಲ್ಲೇ ಇರುತ್ತಿದ್ದವು. ಪಿಎಗೆ ಹೆಸರು ಬಂತು, ನಿಮಗೆ ಋಣ ಉಳಿಯಿತು, ಅಷ್ಟೇ. ಮತ್ತೆ, ಮೇಲೆ ಹೋದ ಹೆಸರೆಲ್ಲ ವಶೀಲಿಯಲ್ಲ. ಕ್ಯಾನ್ಸರ್ ಇರಬಹುದು ಅನ್ನಿಸಿದ ಗಂಟು ಬಂದರೆ ಮೊದಲು ಅದು. ನಿಮ್ಮ ಹಿಂದೆ ಬಂದವರು ಮುಂದೆ ಹೋದರೆ ಕಾರಣ ಕೇಳಿ, ಆಮೇಲೆ ಸಿಟ್ಟು ಮಾಡಿ.

ಪಾಳಿ ತಪ್ಪುವುದು ವಶೀಲಿಗಿಂತ ಜಾಸ್ತಿ ಮರೆವಿನಿಂದ. ಇದನ್ನು ನನ್ನ ಮೇಲೇ ಹಾಕಿಕೊಂಡು ಹೇಳುತ್ತೇನೆ. ನಮ್ಮಲ್ಲಿ ಲಿಸ್ಟ್ ಅಂದರೆ ಒಂದು ಉದ್ದನೆಯ ರಿಜಿಸ್ಟರ್, ಬೆನ್ನಿಗೆ ಕೆಂಪು ಬಟ್ಟೆ. ಹೆಸರು, ಊರು, ಯಾವ ಆಪರೇಷನ್, ಫೋನ್ ನಂಬರ್. ಆದವರಿಗೆ ಕೆಂಪು ಪೆನ್ನಿನ ಟಿಕ್. ಒಂದು ವರ್ಷ ಆ ಬುಕ್ಕು ತುಂಬಿತು. ಟಿಕ್ ಇಲ್ಲದ ಹೆಸರುಗಳನ್ನು ಹೊಸ ಬುಕ್ಕಿಗೆ ಇಳಿಸುವ ಕೆಲಸ ನನ್ನದು. ರಾತ್ರಿ ಡ್ಯೂಟಿಯಲ್ಲಿ ಕೂತು ಬರೆದೆ. ನಾಲ್ಕು ತಿಂಗಳಾದ ಮೇಲೆ ಒಂದು ತಾಂಡಾದಿಂದ ಹಿರಿಯರೊಬ್ಬರು ಬಂದರು. ಬೀಜದಲ್ಲಿ ನೀರು ತುಂಬುವ ತೊಂದರೆ, ಹೈಡ್ರೋಸೀಲ್. ನಡೆಯಲು ಆಗುತ್ತಿರಲಿಲ್ಲ. ‘ಫೋನ್ ಮಾಡ್ತೀವಿ ಅಂದಿದ್ರಿ ತಾಯಿ. ಪಾಳಿ ಬಂದಿಲ್ಲೇನೋ ಅಂತ ಸುಮ್ನಿದ್ದೆ’ ಅಂದರು. ಹೊಸ ಬುಕ್ಕಿನಲ್ಲಿ ಅವರ ಹೆಸರೇ ಇಲ್ಲ. ಹಳೆಯದನ್ನು ತೆಗೆದೆ. ಬೆಟಾಡಿನ್ ಚೆಲ್ಲಿ ಎರಡು ಹಾಳೆ ಅಂಟಿಕೊಂಡಿದ್ದವು. ನಾನು ಅವನ್ನು ಒಂದೇ ಹಾಳೆ ಅಂತ ತಿರುವಿಹಾಕಿದ್ದೆ. ಉಗುರಿನಿಂದ ಬಿಡಿಸಿದರೆ ಒಳಗೆ ಟಿಕ್ ಇಲ್ಲದ 14 ಹೆಸರು. ಅವತ್ತೇ ಎಲ್ಲರಿಗೂ ಫೋನ್ ಹಚ್ಚಿದೆವು. ಇಬ್ಬರು ಸಾಲ ಮಾಡಿ ಖಾಸಗಿಯಲ್ಲಿ ಮಾಡಿಸಿಕೊಂಡಿದ್ದರು. ಐದು ನಂಬರ್ ಹತ್ತಲೇ ಇಲ್ಲ. ಹಿರಿಯರಿಗೆ ಆ ವಾರವೇ ಮಾಡಿಸಿದೆವು. ಒಂದು ಮಾತೂ ಬೈಯಲಿಲ್ಲ ಅವರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹಾಗಾಗಿ ಅಂಗಡಿಯಣ್ಣ, ರಿಜಿಸ್ಟರಿನಲ್ಲಿ ನಿಮ್ಮ ನಂಬರ್ ಎಷ್ಟು ಅಂತ ಕೇಳಿ ಚೀಟಿಯ ಹಿಂದೆ ಬರೆದುಕೊಳ್ಳಿ. ಫೋನ್ ನಂಬರ್ ಎರಡು ಕೊಡಿ, ಸಿಮ್ ಬದಲಾದರೆ ಹೋಗಿ ಹೇಳಿ. ತಿಂಗಳಿಗೊಮ್ಮೆ ನೀವೇ ವಿಚಾರಿಸಿ. ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಕೇಳುತ್ತಾ ಇರುವವನ ಹೆಸರು ಯಾರಿಗೂ ಮರೆಯುವುದಿಲ್ಲ.

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿಯೂ ಸರ್ಕಾರಿ ದವಾಖಾನೆಯಲ್ಲಿ ತಿಂಗಳುಗಟ್ಟಲೆ ಕಾಯಬೇಕಂತೆ. ನಂಬಲಾಗಲಿಲ್ಲ.
— ನಿವೃತ್ತ ಶಿಕ್ಷಕರು, ಬೆಳಗಾವಿ

ಉತ್ತರ: ನಂಬಿ ಸರ್. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾಗಿದ್ದು 1948ರಲ್ಲಿ. ಡಾಕ್ಟರು ಕಳಿಸಿದ ದಿನದಿಂದ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು, ನೂರರಲ್ಲಿ 92 ಜನರಿಗಾದರೂ, ಅಂತ ಇಂಗ್ಲೆಂಡಿನ ನಿಯಮ. 2016ರಿಂದ ಅದನ್ನು ಪಾಲಿಸಲು ಆಗುತ್ತಿಲ್ಲ. 2023ರಲ್ಲಿ ಕಾಯುವವರ ಪಟ್ಟಿ 77 ಲಕ್ಷದ ಹತ್ತಿರ ಹೋಗಿತ್ತು. ಅಲ್ಲಿ ಒಬ್ಬರ ಹೆಸರೇ ಎರಡು ಕಾಯಿಲೆಗೆ ಎರಡು ಸಲ ಬರುವುದೂ ಉಂಟು.

ನಮ್ಮ ಕಡೆಯವರು ಇದನ್ನು ಕೇಳಿ ಸಮಾಧಾನ ಮಾಡಿಕೊಳ್ಳುತ್ತಾರೆ. ನನಗೆ ಸಮಾಧಾನ ಆಗಲಿಲ್ಲ, ಹೊಟ್ಟೆಕಿಚ್ಚಾಯಿತು. ಅಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ ಅಂತ ತಿಂಗಳು ತಿಂಗಳು ಪ್ರಕಟಿಸುತ್ತಾರೆ, ಪೇಪರಿನವರು ಬೈಯುತ್ತಾರೆ, ಮಂತ್ರಿ ಉತ್ತರ ಕೊಡುತ್ತಾರೆ. ನಾನು ಬರೆದ ಆ ಕೆಂಪು ಬೆನ್ನಿನ ಬುಕ್ಕಿನಲ್ಲಿ ಎಷ್ಟು ಹೆಸರು ಉಳಿದಿವೆ ಅಂತ 19 ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.

ಪ್ರಶ್ನೆ: ಬಿಪಿಎಲ್ ಕಾರ್ಡ್ ಇದೆ. ತಾಯಿಗೆ ಮೊಣಕಾಲಿನ ಕೀಲು ಬದಲಿಸಬೇಕಂತೆ. ಇಲ್ಲಿ ಪಾಳಿ ಉದ್ದ. ಖಾಸಗಿಯಲ್ಲಿ ಪುಕ್ಕಟೆ ಆಗುತ್ತದಾ?
— ಅಂಗನವಾಡಿ ಕಾರ್ಯಕರ್ತೆ, ಬಾಗಲಕೋಟೆ ನವನಗರ

ಉತ್ತರ: ನೇರವಾಗಿ ಖಾಸಗಿಗೆ ಹೋಗಿ ಅಡ್ಮಿಟ್ ಮಾಡಿಬಿಡಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ. 30ರಷ್ಟು ಮಾತ್ರ, ವರ್ಷಕ್ಕೆ 1.5 ಲಕ್ಷದವರೆಗೆ. ಕೆಲವು ಚಿಕಿತ್ಸೆ ಸರ್ಕಾರಿ ದವಾಖಾನೆಗೇ ಮೀಸಲು. ಕೆಲವಕ್ಕೆ ಅಲ್ಲಿಂದ ರೆಫರಲ್ ಪತ್ರ ಸಿಕ್ಕರೆ ಯೋಜನೆಯಲ್ಲಿರುವ ಖಾಸಗಿಗೆ ಹೋಗಬಹುದು. ತುರ್ತು ಕೇಸಿನ ನಿಯಮ ಬೇರೆ. ನಿಮ್ಮ ತಾಯಿಯದು ಯಾವುದರಲ್ಲಿ ಬರುತ್ತದೆ ಅಂತ ಜಿಲ್ಲಾಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರ ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತಾರೆ. ಆಧಾರ್, ರೇಷನ್ ಕಾರ್ಡ್, ಎಕ್ಸ್‌ರೇ ಒಯ್ಯಿರಿ. ರೇಷನ್ ಕಾರ್ಡಿನಲ್ಲಿ ತಾಯಿಯ ಹೆಸರು ಇದೆಯಾ, ಆಧಾರಿನ ಹೆಸರಿಗೆ ತಾಳೆ ಆಗುತ್ತದಾ ಅಂತ ಇವತ್ತೇ ನೋಡಿ. ಒಂದರಲ್ಲಿ ಶಾಂತವ್ವ, ಇನ್ನೊಂದರಲ್ಲಿ ಶಾಂತಾಬಾಯಿ ಅಂತಿದ್ದು ಕೌಂಟರಿನಿಂದ ಕೌಂಟರಿಗೆ ಅಲೆದವರನ್ನು ನೋಡಿದ್ದೇನೆ. ಉತ್ತರ ಸಿಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಅರ್ಜಿ ಬರೆದು, ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಪ್ರಶ್ನೆ: ನನ್ನ ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಅಂತೂ ತಾರೀಖು ಸಿಕ್ಕಿತು. ನೋಡಿದರೆ ಅವತ್ತು ಅಮಾವಾಸ್ಯೆ! ಮನೆಯಲ್ಲಿ ಬೇಡ ಅಂತಾರೆ. ಬದಲಿಸಿಕೊಳ್ಳಲಾ?
— ಬಸವನ ಬಾಗೇವಾಡಿ

ಉತ್ತರ: ಅಯ್ಯೋ, ಬೇಡ. ಅಮಾವಾಸ್ಯೆ ದಿನ ನಮ್ಮ ಥಿಯೇಟರ್ ಅರ್ಧ ಖಾಲಿ ಇರುತ್ತಿತ್ತು. ಡಾಕ್ಟರು ಬಂದಿರುತ್ತಿದ್ದರು, ಸಾಮಾನೆಲ್ಲ ಕುದಿಸಿ ಇಟ್ಟಿರುತ್ತಿದ್ದೆವು, ಪೇಷಂಟೇ ಇಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದರೂ ಹಾಗೇ. ಜೋಳದ ಸುಗ್ಗಿ ಮುಗಿಯಿತೆನ್ನಿ, ಎಲ್ಲರೂ ಒಟ್ಟಿಗೆ ಬಂದು ಬಾಗಿಲು ಬಡಿಯುತ್ತಿದ್ದರು. ಅಮಾವಾಸ್ಯೆಗೆ ಹೋದರೆ ನಿಮ್ಮದೇ ಮೊದಲ ಕೇಸು ಆಗಬಹುದು. ಮನೆಯವರು ಒಪ್ಪದಿದ್ದರೆ ಹಿಂದಿನ ದಿನವೇ ಅಡ್ಮಿಟ್ ಆಗಿಬಿಡಿ, ಅಮಾವಾಸ್ಯೆ ದಿನ ಹೊಸ್ತಿಲು ದಾಟುವ ಪ್ರಶ್ನೆಯೇ ಬರುವುದಿಲ್ಲ. ಚಹಾ ಮಾತ್ರ ಕುಡಿಯಬೇಡಿ.