ಹಳೇ ಕಾರ್ಡ್ ಸಾಲ, ಹೊಸ ಸಹಿ

ಪ್ರಶ್ನೆ: ಕಾರವಾರದ ಬೈತಖೋಲದಲ್ಲಿ ಬಲೆ ರಿಪೇರಿ ಮಾಡುತ್ತೇನೆ. ಬೋಟಿನ ಇಂಜಿನ್‌ಗೆಂದು ಕ್ರೆಡಿಟ್ ಕಾರ್ಡ್ ಉಜ್ಜಿದ್ದೆ. 2018ರ ನಂತರ ಒಂದು ಪೈಸೆ ಕಟ್ಟಿಲ್ಲ, ಏನೂ ಬರೆದುಕೊಟ್ಟಿಲ್ಲ. ಈಗ ವಸೂಲಿಯವರು ‘ಸುಮ್ನೆ ಒಂದು ಸಹಿ ಹಾಕಿ’ ಅಂತಾರೆ. ಹಾಕಲಾ?

ಉತ್ತರ: ಬೇಡ ಮಾರಾಯ್ರೇ! 1963ರ ಕಾಲಮಿತಿ ಕಾಯ್ದೆಯಂತೆ ಇಂಥ ಸಾಲಕ್ಕೆ ದಾವೆ ಹೂಡಲು 3 ವರ್ಷ. ಕೊರೊನಾ ಕಾಲದ ವಿನಾಯಿತಿ ಸೇರಿಸಿದರೂ ನಿಮ್ಮದು ಮುಗಿದಿದೆ. ಆದರೆ ಅವಧಿ ಮುಗಿದ ಮೇಲೂ ‘ಕಟ್ಟುತ್ತೇನೆ’ ಎಂದು ಬರೆದು ಸಹಿ ಹಾಕಿದರೆ ಅದು ಹೊಸ ಕರಾರು. ಬಲೆ ಹೆಣೆಯುವವರಿಗೇ ಗಾಳ ಹಾಕ್ತಿದ್ದಾರೆ, ಅಲ್ವಾ?

ಸಾಲವೇನೂ ಅಳಿಸಿಹೋಗಿಲ್ಲ, ಮುಂದೆ ಲೋನ್ ಕೇಳಿದಾಗ ಅಡ್ಡ ಬರಬಹುದು. ಬೆಳಿಗ್ಗೆ 8ರ ಮುಂಚೆ, ಸಂಜೆ 7ರ ನಂತರ ಅವರು ಫೋನ್ ಮಾಡುವಂತಿಲ್ಲ. ಕೋರ್ಟ್ ಸಮನ್ಸ್ ಬಂದರೆ ಮಾತ್ರ ಮೂಲೆಗೆ ಎಸೆಯದೆ ವಕೀಲರನ್ನು ಕಾಣಿ.