ಕಾರು ತಗೊಂಡರೆ ನಿಜವಾಗಲೂ ಖುಷಿ ಸಿಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಯಲ್ಲಿ ಕೆಲಸ, ಡ್ಯೂಟಿಗೆ ಕಂಪನಿ ಬಸ್ಸು ಇದೆ, ಮನೆಯಲ್ಲಿ ಒಂದು ಬೈಕು ಇದೆ. ಜೊತೆಯವರೆಲ್ಲ ಕಾರು ತಗೊಂಡರು, ನಾನೂ ಏಳು ಲಕ್ಷ ಸಾಲ ಮಾಡಿ ಒಂಬತ್ತು ಲಕ್ಷದ್ದು ತಗೊಳ್ಳಲಾ, ಅದರಿಂದ ನಿಜವಾದ ಖುಷಿ ಸಿಗುತ್ತಾ, ಇಲ್ಲಾ ಆರು ತಿಂಗಳ ಮೋಜು ಅಷ್ಟೇನಾ ಅಂತ ಕೇಳಿದ್ದೀರಿ.

ಖುಷಿ ಸಿಗುತ್ತೆ. ಆದರೆ ನೀವು ಎರಡು ವಿಷಯವನ್ನು ಒಂದೇ ಪ್ರಶ್ನೆಯಲ್ಲಿ ಸೇರಿಸಿದ್ದೀರಿ. ಕಾರು ಓಡಿಸೋದು ಒಂದು, ಕಾರಿನ ಮಾಲೀಕ ಆಗೋದು ಇನ್ನೊಂದು. ನಮ್ಮ ಬಳ್ಳಾರಿಯಲ್ಲಿ ಬಹಳ ಕಾಲ ಇವೆರಡೂ ಬೇರೆ ಬೇರೆ ಜನರ ಹತ್ತಿರ ಇದ್ದವು. ಕಾರು ಇದ್ದವರು ಹಿಂದೆ ಕೂರುತ್ತಿದ್ದರು. ಓಡಿಸುವವರಿಗೆ ಕಾರು ಇರಲಿಲ್ಲ. ನಾನು ಓಡಿಸುವವರ ಪೈಕಿ. ಈಗ ಕೆಎ 34 ನಂಬರಿನ ಒಂದು ಹಳೇ ಸಣ್ಣ ಕಾರು ನನ್ನದೇ ಅಂತ ಇದೆ. ಹಾಗಾಗಿ ಎರಡೂ ಕಡೆ ಕೂತು ನೋಡಿದ್ದೇನೆ.

ಗಣಿ ಜೋರಾಗಿದ್ದ ಕಾಲದಲ್ಲಿ ನಾನು ಒಬ್ಬ ಸಾವ್ಕಾರರ ಹತ್ತಿರ ಡ್ರೈವರ್ ಆಗಿದ್ದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೂ ಮುಂಚಿನಿಂದಲೇ ಚೀನಾಕ್ಕೆ ಕಬ್ಬಿಣದ ಅದಿರು ಬೇಕಿತ್ತು, ನಮ್ಮ ಸಂಡೂರು ಗುಡ್ಡಗಳಲ್ಲಿ ಅದು ಇತ್ತು. ಬಳ್ಳಾರಿಯ ರಸ್ತೆಗಳಲ್ಲಿ ಅಲ್ಲಿವರೆಗೂ ಯಾರೂ ನೋಡಿರದ ಕಾರುಗಳು ಬಂದವು. ನಮ್ಮ ಸಾವ್ಕಾರರೂ ಒಂದು ಫಾರಿನ್ ಕಾರು ತರಿಸಿದರು. ನೆಲಕ್ಕೆ ತೀರ ಹತ್ತಿರ ಇರುವ ಗಾಡಿ. ಅವರ ಊರಿಗೆ ಹೋಗುವ ದಾರಿಯಲ್ಲಿ ಜನ ತಾವೇ ಹಾಕಿಕೊಂಡ ಹಂಪುಗಳಿದ್ದವು. ಒಂದೊಂದಕ್ಕೂ ಗಾಡಿಯ ತಳ ಉಜ್ಜುತ್ತಿತ್ತು. ಗಣಿ ಕಡೆಗಂತೂ ಅದನ್ನು ತಗೊಂಡು ಹೋಗುವ ಮಾತೇ ಇಲ್ಲ. ಕೊನೆಗೆ ಅದು ಶೆಡ್ಡಿನಲ್ಲಿ ಕವರ್ ಹೊದ್ದು ನಿಂತಿತು. ಬ್ಯಾಟರಿ ಇಳಿಯಬಾರದು ಅಂತ ಆಗಾಗ ನಾನು ಸ್ಟಾರ್ಟ್ ಮಾಡಿ, ಕಾಂಪೌಂಡಿನಲ್ಲೇ ಒಂದು ಸುತ್ತು ಹಾಕಿ ಮತ್ತೆ ಕವರ್ ಹಾಕುತ್ತಿದ್ದೆ. ಸಾವ್ಕಾರರು ಮಾತ್ರ ದಿನಾ ಬೊಲೆರೊದಲ್ಲೇ ಓಡಾಡಿದರು. ಆ ಕಾರಿನಿಂದ ಅವರಿಗೆ ಖುಷಿ ಸಿಗಲಿಲ್ಲ ಅಂತ ನಾನು ಹೇಳಲ್ಲ. ಮನೆಗೆ ಬಂದವರಿಗೆ ಕವರ್ ತೆಗೆಸಿ ತೋರಿಸುವಾಗ ಅವರ ಮುಖ ನಾನು ನೋಡಿದ್ದೇನೆ. ಆದರೆ ಅದಕ್ಕೆ ಬಂದವರು ಬೇಕಾಗಿತ್ತು.

ಓಡಿಸುವ ಖುಷಿ ಆ ವರ್ಷಗಳಲ್ಲಿ ಪೂರ್ತಿ ನನ್ನದೇ. ಮಳೆಗಾಲದಲ್ಲಿ ಸಂಡೂರು ನೋಡಿದ್ದೀರಲ್ವಾ? ತೋರಣಗಲ್ಲಿನವರು, ನೋಡಿರುತ್ತೀರಿ. ಆ ಕಡೆ ಭೀಮಗಂಡಿ, ಈ ಕಡೆ ಓಬಳಗಂಡಿ, ನಡುವೆ ಹಸಿರು. ಬಳ್ಳಾರಿಯ ಬಿಸಿಲಿನಿಂದ ಹೊರಟವರಿಗೆ ಅದು ಬೇರೆ ಜಿಲ್ಲೆಯೇ ಅನ್ಸುತ್ತೆ. ಮುಂದೆ ಅದಿರು ತುಂಬಿದ ಲಾರಿಗಳ ಸಾಲು. ಲಾರಿಯವನು ಕೈ ಬೀಸಿ ದಾರಿ ಕೊಡ್ತಾನಾ ಅಂತ ಕಾಯಬೇಕು. ಕೊಟ್ಟ ತಕ್ಷಣ ಒಂದು ಗೇರು ಇಳಿಸಿ, ತಿರುವು ಬರುವ ಮುಂಚೆ ದಾಟಬೇಕು. ಎಂಜಿನ್ ಸದ್ದು ಕೇಳಿಯೇ ಗೇರು ಯಾವಾಗ ಬದಲಾಯಿಸಬೇಕು ಅಂತ ಗೊತ್ತಾಗುವ ಹಂತ ಒಂದಿದೆ. ಆಮೇಲೆ ಕಾಲು ಕೈ ತಾವೇ ಕೆಲಸ ಮಾಡುತ್ತವೆ. ತಲೆಯಲ್ಲಿ ಮನೆಯ ಬಾಡಿಗೆ, ಮಕ್ಕಳ ಫೀಸು ಏನೂ ಇರಲ್ಲ. ರಸ್ತೆ ಮಾತ್ರ ಇರುತ್ತೆ. ಹಿಂದಿನ ಸೀಟಿನಲ್ಲಿ ಸಾವ್ಕಾರರು ಫೋನಿನಲ್ಲಿ ಲೋಡಿನ ಲೆಕ್ಕ ಮಾಡುತ್ತಿದ್ದರು. ಹೊರಗೆ ಮಳೆ ಬಂದಿದ್ದು ಅವರಿಗೆ ಇಳಿಯುವಾಗ ಗೊತ್ತಾಗುತ್ತಿತ್ತು.

ಈ ಖುಷಿಗೆ ಗಾಡಿ ನಮ್ಮದಾಗಿರಬೇಕಿಲ್ಲ. ಎಂಟು ಲಕ್ಷದ್ದಾ, ಎಂಬತ್ತು ಲಕ್ಷದ್ದಾ ಅನ್ನೋದೂ ಅಷ್ಟು ಮುಖ್ಯ ಅಲ್ಲ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಇದ್ದಾಗ ನಾರ್ಬರ್ಟ್ ಶ್ವಾರ್ಟ್ಜ್ ಅನ್ನುವ ಮನಃಶಾಸ್ತ್ರಜ್ಞರು ಇದನ್ನೇ ಕಾರಿನವರಿಗೆ ಕೇಳಿ ನೋಡಿದ್ದರು. ನಿಮ್ಮ ಕಾರು ನಿಮಗೆ ಎಷ್ಟು ಖುಷಿ ಕೊಡುತ್ತೆ ಅಂದರೆ, ದುಬಾರಿ ಕಾರಿನವರು ಜಾಸ್ತಿ ಕೊಡುತ್ತೆ ಅಂದರು. ಹೋದ ಸಲ ಗಾಡಿ ಓಡಿಸಿದಾಗ ಮನಸ್ಸು ಹೇಗಿತ್ತು ಅಂತ ಕೇಳಿದರೆ, ದುಬಾರಿ ಕಾರಿಗೂ ಅಗ್ಗದ ಕಾರಿಗೂ ವ್ಯತ್ಯಾಸವೇ ಕಾಣಲಿಲ್ಲ. ಅಂದರೆ ಕಾರಿನ ಬಗ್ಗೆ ಯೋಚನೆ ಮಾಡುವಾಗ ಬೆಲೆ ಲೆಕ್ಕಕ್ಕೆ ಬರುತ್ತೆ. ಕಾರಿನಲ್ಲಿ ಕೂತು ಬೇರೆ ಏನನ್ನೋ ಯೋಚಿಸುವಾಗ ಬರಲ್ಲ. ನಾವು ದಿನಾ ಮಾಡೋದು ಎರಡನೆಯದನ್ನೇ. ನಮ್ಮ ಸಾವ್ಕಾರರನ್ನು ನೋಡಿದ್ದ ನನಗೆ ಇದರಲ್ಲಿ ಆಶ್ಚರ್ಯ ಏನೂ ಆಗಲಿಲ್ಲ.

ಹಾಗಾದರೆ ಸ್ವಂತ ಕಾರು ಯಾಕೆ ಬೇಕು? ಬೇರೆಯವರ ಗಾಡಿ ಓಡಿಸುವಾಗ ಒಂದು ಮಾತ್ರ ನನ್ನ ಕೈಯಲ್ಲಿ ಇರಲಿಲ್ಲ. ಗಾಡಿ ನಿಲ್ಲಿಸೋದು.

ಲಿಂಗಸುಗೂರು ಕಡೆ ಹೋಗುವಾಗೆಲ್ಲ ಮಸ್ಕಿ ಮೇಲೆ ಹೋಗುತ್ತಿದ್ದೆವು. ಅಲ್ಲಿನ ಗುಡ್ಡದಲ್ಲಿ ಅಶೋಕನ ಶಾಸನ ಇದೆ, 1915ರಲ್ಲಿ ಸಿಕ್ಕಿದ್ದು. ಬೇರೆ ಶಾಸನಗಳಲ್ಲಿ ದೇವಾನಾಂಪ್ರಿಯ ಅಂತ ಇದ್ದ ರಾಜ ಅಶೋಕನೇ ಅನ್ನೋದು ಖಚಿತ ಆಗಿದ್ದು ಇಲ್ಲಿ ಹೆಸರು ಸಿಕ್ಕಿದ ಮೇಲೆ. ಇದನ್ನು ಶಾಲೆಯಲ್ಲಿ ಓದಿದ್ದೆ, ನೋಡಬೇಕು ಅಂತ ಆಸೆ ಇತ್ತು. ಎಷ್ಟೋ ಸಲ ಅದರ ಬೋರ್ಡು ದಾಟಿ ಹೋದೆ. ಒಂದು ಸಲ ಟೀ ನೆಪ ಮಾಡಿ ನಿಧಾನ ಮಾಡಿದೆ. ಹಿಂದಿನಿಂದ "ಯಾಕಪ್ಪಾ, ಇಲ್ಲಿ ಯಾಕ್ ನಿಂದ್ರಿಸಿದಿ? ನಡಿ ನಡಿ" ಅಂತ ಬಂತು. ಅವರದೂ ತಪ್ಪಿಲ್ಲ, ಕೆಲಸಕ್ಕೆ ಹೊರಟವರು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕಾರುಗಳು ಮಾರಾಟಕ್ಕೆ ಬಂದವು, ಡ್ರೈವರುಗಳು ಮನೆಗೆ ಬಂದರು. ನಾನು ಹಳದಿ ಬೋರ್ಡಿನ ಗಾಡಿ ಓಡಿಸೋಕೆ ಶುರು ಮಾಡಿದೆ. ಹಂಪಿ, ಅಂಜನಾದ್ರಿ, ಮಂತ್ರಾಲಯ. ಇಲ್ಲೂ ಅದೇ ಕಥೆ, ಎಲ್ಲಿ ನಿಲ್ಲಬೇಕು ಅನ್ನೋದು ಗಿರಾಕಿ ಹೇಳಬೇಕು. ಆ ಕಥೆ ಇಲ್ಲಿ ಬೆಳೆಸಲ್ಲ. ಒಂದಿಷ್ಟು ದುಡ್ಡು ಕೂಡಿದ ಮೇಲೆ ಸಾಲ ಇಲ್ಲದೆ ಐದು ವರ್ಷ ಹಳೆಯ ಒಂದು ಕಾರು ತಗೊಂಡೆ. ಕನಕ ದುರ್ಗಮ್ಮನ ಗುಡಿ ಮುಂದೆ ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟಿದ್ದು ಆಯಿತು.

ಮೊದಲು ಅವ್ವನ ತವರಿಗೆ ಹೋದೆವು. ಸಿಂಧನೂರಿನ ಆಚೆ ಒಂದು ಹಳ್ಳಿ. ಬಸ್ಸು ಇಳಿದು ದೂರ ನಡೀಬೇಕು, ಅವ್ವನ ಮೊಣಕಾಲು ಕೇಳಲ್ಲ. ಹಾಗಾಗಿ ಮದುವೆ, ಮಣ್ಣು ಯಾವುದಕ್ಕೂ ಹೋಗೋದನ್ನೇ ಬಿಟ್ಟಿದ್ದಳು. ಮುಂದಿನ ಸೀಟಿನಲ್ಲಿ ಕೂರಿಸಿದೆ. ಸಿರುಗುಪ್ಪ ದಾಟೋ ತನಕ ಬೆಲ್ಟು ಬಿಗಿ ಆಗ್ತದ ಅಂತ ಗೊಣಗಿದಳು. ಹೊಳೆ ದಾಟಿ ದಢೇಸೂಗೂರು ಬಂದ ಮೇಲೆ ಅವಳ ಬಾಯಿ ನಿಲ್ಲಲೇ ಇಲ್ಲ. ಈ ಹೊಲ ಯಾರದು, ಆ ಬಾವಿ ಯಾರು ತೋಡಿಸಿದ್ದು, ಕಾಲುವೆ ನೀರು ಬರೋ ಮುಂಚೆ ಇಲ್ಲಿ ಜೋಳ ಹೇಗೆ ಬರುತ್ತಿತ್ತು, ಆಂಧ್ರದವರು ಬಂದು ಕ್ಯಾಂಪ್ ಮಾಡಿಕೊಂಡ ಮೇಲೆ ಭತ್ತ ಹೇಗೆ ಬಂತು. ಒಂದು ಕಡೆ "ಇಲ್ಲಿ ನಿಂದ್ರಿಸು" ಅಂದಳು. ಏನೂ ಇಲ್ಲದ ಜಾಗ. ಒಂದು ಬೇವಿನ ಮರ, ಕಾಲುವೆಯ ತೂಬು ಅಷ್ಟೇ. ಸಣ್ಣವಳಿದ್ದಾಗ ಅಪ್ಪನಿಗೆ ಬುತ್ತಿ ತಂದು ಇಲ್ಲೇ ಕೊಡ್ತಿದ್ದೆ ಅಂದಳು. ಇಳಿದು ಸ್ವಲ್ಪ ಹೊತ್ತು ನಿಂತಳು. ನಾನು ಎಂಜಿನ್ ಬಂದ್ ಮಾಡಿದೆ. ಯಾರೂ ಹಿಂದಿನಿಂದ ನಡಿ ನಡಿ ಅನ್ನಲಿಲ್ಲ. ಕಾರಿನ ಮಾಲೀಕ ಆದೆ ಅಂತ ನನಗೆ ಅನ್ನಿಸಿದ್ದು ಆರ್‌ಸಿ ಕೈಗೆ ಬಂದ ದಿನ ಅಲ್ಲ, ಅವತ್ತು. ವಾಪಸ್ ಬರುವಾಗ ಸುಮ್ನೆ ಮಸ್ಕಿಗೂ ಹೋಗಿ ಶಾಸನ ನೋಡಿಕೊಂಡು ಬಂದೆವು. ದಾರಿ ಉಲ್ಟಾ ಆಯಿತು, ಪೆಟ್ರೋಲು ಜಾಸ್ತಿ ಸುಟ್ಟಿತು, ಆಗಲಿ ಬಿಡಿ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಏಳು ಲಕ್ಷ ಸಾಲ, 9% ಬಡ್ಡಿ, ಐದು ವರ್ಷ ಅಂದರೆ ತಿಂಗಳಿಗೆ ಸುಮಾರು 14,500 ರೂಪಾಯಿ ಕಂತು. ಐದು ವರ್ಷಕ್ಕೆ ಬಡ್ಡಿಯೇ 1.7 ಲಕ್ಷ ದಾಟುತ್ತೆ. ಗಾಡಿಯ ಬೆಲೆ ಆ ಕಡೆ ಇಳೀತಾ ಇರುತ್ತೆ. ಇನ್ಶೂರೆನ್ಸಿನವರು ಗಾಡಿಗೆ ಬೆಲೆ ಕಟ್ಟುವ ಪಟ್ಟಿಯಲ್ಲಿ ಒಂದು ವರ್ಷ ದಾಟಿದರೆ 20%, ಎರಡು ದಾಟಿದರೆ 30%, ನಾಲ್ಕು ದಾಟಿದರೆ 50% ಕಳೀತಾರೆ. ಅಂದರೆ ನೀವು ಕಡೇ ವರ್ಷದ ಕಂತು ಕಟ್ಟುವ ಹೊತ್ತಿಗೆ ಗಾಡಿ ಅರ್ಧ ಬೆಲೆಗೆ ಬಂದಿರುತ್ತೆ. ಲೈಫ್ ಟೈಂ ಟ್ಯಾಕ್ಸು ಮೊದಲೇ ಕಟ್ಟಿರ್ತೀರಿ, ಅದು ನಮ್ಮ ರಾಜ್ಯದಲ್ಲಿ ಕಡಿಮೆ ಏನಲ್ಲ.

ದುಡ್ಡು ಹೋಗುತ್ತೆ ಅಂತ ಹೆದರಿಸೋಕೆ ಇದನ್ನು ಹೇಳ್ತಿಲ್ಲ. ಖುಷಿಗೂ ದುಡ್ಡು ಬೇಕು. ನನ್ನ ತಕರಾರು ಬೇರೆ. ಕಂತು ಭಾರ ಆದವರು ಮೊದಲು ಕೈ ಬಿಡೋದು ಭಾನುವಾರದ ತಿರುಗಾಟ. ಪೆಟ್ರೋಲು ಲೀಟರಿಗೆ ನೂರರ ಮೇಲಿದೆ. ಇಲ್ಲಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರ್ ಮೇಲೆ, ಹೋಗೋಕೇ ಎರಡು ಸಾವಿರದ ಹತ್ತಿರ ಪೆಟ್ರೋಲು ಕುಡಿಯುತ್ತೆ. ಆಗ ಹಂಪಿ ಎಕ್ಸ್‌ಪ್ರೆಸ್ಸೇ ವಾಸಿ ಅನ್ಸುತ್ತೆ. ಕಂತಿಗೋಸ್ಕರ ಓಟಿ ಮಾಡ್ತಾರೆ, ರಜಾ ದಿನವೂ ಡ್ಯೂಟಿಗೆ ಹೋಗ್ತಾರೆ, ಅದೂ ಕಂಪನಿ ಬಸ್ಸಿನಲ್ಲೇ. ಕಾರು ಮನೆ ಮುಂದೆ ನಿಂತಿರುತ್ತೆ. ಸಾವ್ಕಾರರ ಶೆಡ್ಡಿನ ಕಾರಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ. ಅವರಿಗೆ ಕಂತಾದರೂ ಇರಲಿಲ್ಲ.

ಇನ್ನೊಂದು ಮಾತು. ನಮ್ಮ ಮನೆಯವಳಿಗೆ ಹೊಸಪೇಟೆಗೆ ಹೋಗೋಕೆ ಇವತ್ತಿಗೂ ಕಾರಿಗಿಂತ ಬಸ್ಸೇ ಇಷ್ಟ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದೆಯಲ್ಲ, ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ. ಪಕ್ಕದ ಮನೆಯವರ ಜೊತೆ ಮಾತಾಡಿಕೊಂಡು ಹೋಗಿ ಬರ್ತಾಳೆ. ಕಾರಿನಲ್ಲಿ ಕೂತರೆ ನಾನು ಮುಂದೆ ನೋಡ್ತಾ ಸುಮ್ಮನೆ ಇರ್ತೀನಂತೆ, ಬೇಜಾರಂತೆ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕಾರಿನ ಖುಷಿ ಮನೆಯವರಿಗೆಲ್ಲ ಒಂದೇ ತರ ಇರಲ್ಲ.

ನಿಮಗೆ ನಾನು ಹೇಳೋದು ಇಷ್ಟು. ನಾಲ್ಕೈದು ರಜಾ ದಿನ ಬಾಡಿಗೆ ಗಾಡಿ ತಗೊಂಡು ನೀವೇ ಓಡಿಸಿ. ಬಾಡಿಗೆಗೆ ಕೊಡೋಕೆ ಪರ್ಮಿಟ್ ಇರುವ ಗಾಡಿಯೇ ಆಗಿರಲಿ. ಗೊತ್ತಿರುವವರು ಕೊಡ್ತಾರೆ ಅಂತ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ತಗೋಬೇಡಿ, ಆಕ್ಸಿಡೆಂಟ್ ಆದರೆ ಇನ್ಶೂರೆನ್ಸು ತಕರಾರಿಗೆ ಬೀಳುತ್ತೆ. ಮನೆಯಲ್ಲಿ ವಯಸ್ಸಾದವರು ಇದ್ದರೆ ಕೂರಿಸಿಕೊಂಡು ಅವರು ಹೇಳಿದ ಕಡೆ ಹೋಗಿ. ಮೂರನೇ ಸಲಕ್ಕೂ ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಅಂತ ನಿಮ್ಮ ಹತ್ತಿರ ಪಟ್ಟಿ ಉಳಿದಿದ್ದರೆ ಕಾರು ತಗೊಳ್ಳಿ, ಖುಷಿಯಾಗಿರ್ತೀರಿ. ಎರಡನೇ ವಾರವೇ ಎಲ್ಲಿಗೆ ಹೋಗೋದು ಅಂತ ಗೊತ್ತಾಗದೆ ಮನೆಯಲ್ಲೇ ಮಲಗಿದರೆ, ನಿಮಗೆ ಬೇಕಾಗಿರೋದು ಕಾರಲ್ಲ, ಜೊತೆಯವರ ಬಾಯಿ ಮುಚ್ಚಿಸೋದು. ಅದಕ್ಕೆ ಒಂಬತ್ತು ಲಕ್ಷ ಜಾಸ್ತಿ ಆಯಿತು.

ತಗೊಳ್ಳೋದೇ ಆದರೆ ನಾಲ್ಕೈದು ವರ್ಷ ಹಳೆಯದು ನೋಡಿ, ಬೆಲೆ ಇಳಿದಿದ್ದು ಮೊದಲಿನವರ ಲೆಕ್ಕಕ್ಕೆ ಹೋಗಿರುತ್ತೆ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ತೀರಿದ್ದು ನೋಡಿಕೊಳ್ಳಿ. ಸಂಡೂರು ಕಡೆ ಓಡಿದ ಗಾಡಿ ಆದರೆ ಏರ್ ಫಿಲ್ಟರ್ ತೆಗೆಸಿ ನೋಡಿ, ಆ ಕೆಂಪು ಧೂಳು ಎಲ್ಲ ಕಡೆ ಸೇರಿಕೊಂಡಿರುತ್ತೆ. ಬಣ್ಣ ಕಪ್ಪು ಇರಲಾ ಅಂತ ಪ್ರಶ್ನೆಯ ಕೊನೆಗೆ ಬರೆದಿದ್ದೀರಿ. ನಲವತ್ತು ಡಿಗ್ರಿ ದಾಟುವ ನಮ್ಮೂರಿನಲ್ಲಿ ಕಪ್ಪು ಕಾರಾ? ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಕಪ್ಪು ಗಾಡಿಯ ಸ್ಟೇರಿಂಗ್ ಒಂದು ಸಲ ಮುಟ್ಟಿ ನೋಡಿ, ಆಮೇಲೆ ಬುಕ್ ಮಾಡಿ.